ಕೆಳಬೀದಿಯ ಕಣದ ಪೊರಕೆ ಈಗ ಯಾರ ಮನೆಗೆ?

ಮಾನ್ಯ ಪುರಸಭಾಧ್ಯಕ್ಷರೇ,

ಕೆಳಬೀದಿಯ ಹದಿನೆಂಟು ಮನೆಗಳ ಮೆಕ್ಕೆಜೋಳ ಒಣಗುತ್ತಿದ್ದ ಕಲ್ಲುಹಾಸಿನ ಕಣವನ್ನು ತಾವು ಉದ್ಯಾನವನ ಮಾಡಿ ಒಂದು ವರ್ಷವಾಯಿತು. ಇನ್ನು ಐದು ವಾರಕ್ಕೆ ಮುಂದಿನ ಕೊಯ್ಲು. ಕಾಳನ್ನು ಎಲ್ಲಿ ಹರಡಬೇಕು ಎಂದು ಕೇಳಿ ತಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿಯ ಮೊಹರು ಬಿದ್ದಿದೆ. ಅಚ್ಚುಕಟ್ಟಾಗಿದೆ, ಒಂದೂ ವಾರೆಯಾಗಿಲ್ಲ. ಉತ್ತರ ಮಾತ್ರ ಬಂದಿಲ್ಲ. ತಾವು ಬೆಳಿಗ್ಗೆ ಪತ್ರಿಕೆ ಓದುತ್ತೀರಿ ಎಂದು ಕೇಳಿ ಇಲ್ಲಿ ಬರೆಯುತ್ತಿದ್ದೇನೆ.

ಉದ್ಯಾನ ಚೆನ್ನಾಗಿಲ್ಲ ಎಂದು ನಾನು ಹೇಳುವುದಿಲ್ಲ. ಸುತ್ತಲೂ ನಡಿಗೆ ಪಥವಿದೆ. ಒಂದು ಸುತ್ತಿಗೆ ಇನ್ನೂರ ಹತ್ತು ಹೆಜ್ಜೆ. ಬೆಳಗಿನಿಂದ ಸಂಜೆಯವರೆಗೆ ಸಾಲು ಹಿಡಿದು ಹೊಲದಲ್ಲಿ ನಡೆಯುವ ನಮಗೆ ನಡಿಗೆ ಸಾಲದು ಎಂದು ಯಾರೋ ತಮ್ಮ ಕಿವಿಗೆ ಹಾಕಿರಬೇಕು. ನಾಲ್ಕು ವ್ಯಾಯಾಮ ಯಂತ್ರಗಳಿವೆ. ಭಾರ ಎತ್ತುವ ಯಂತ್ರದ ಮೇಲೆ ಗರಿಷ್ಠ ನಲವತ್ತು ಕಿಲೋ ಎಂದು ಬರೆದಿದೆ. ನಮ್ಮ ಒಂದು ಮೂಟೆ ಅರವತ್ತು. ನಡುವೆ ಹುಲ್ಲು ಬೆಳೆಸಿ, ಅದರ ಮೇಲೆ ಕಾಲಿಡಬಾರದೆಂಬ ಫಲಕ ನೆಟ್ಟಿದ್ದೀರಿ. ನನ್ನ ಅಜ್ಜ, ಅಪ್ಪ, ನಾನು ಮೂರು ತಲೆಮಾರು ಕಲ್ಲಿನ ಸಂದಿಯಿಂದ ಕಿತ್ತು ಎಸೆದ ಹುಲ್ಲು ಅದು. ಈಗ ಅದಕ್ಕೆ ಕಾವಲುಗಾರನಿದ್ದಾನೆ. ದಿನಕ್ಕೆ ಎರಡು ಸಲ ನೀರು ಬಿಟ್ಟರೂ ಮಧ್ಯಾಹ್ನದ ಹೊತ್ತಿಗೆ ಹುಲ್ಲು ಹಳದಿಯಾಗುತ್ತದೆ. ಕಾರಣ ಸರಳ: ಗುತ್ತಿಗೆದಾರರು ಕಲ್ಲುಗಳನ್ನು ಎಬ್ಬಿಸಲಿಲ್ಲ, ಅವುಗಳ ಮೇಲೆ ಎರಡು ಗೇಣು ಮಣ್ಣು ಸುರಿದು ಹೋದರು. ಕಲ್ಲು ತನ್ನ ಕೆಲಸ ಮರೆತಿಲ್ಲ. ಕಾಳು ಸಿಗದಿದ್ದಕ್ಕೆ ತಮ್ಮ ಹುಲ್ಲನ್ನು ಒಣಗಿಸುತ್ತಿದೆ.

ಈ ಕಣ ಹೇಗೆ ನಡೆಯುತ್ತಿತ್ತು ಎಂಬುದು ತಮ್ಮ ಯಾವ ಕಡತದಲ್ಲೂ ಇರಲಾರದು. ಇಲ್ಲಿ ರಶೀದಿ ಇರಲಿಲ್ಲ, ಸಮಿತಿ ಇರಲಿಲ್ಲ. ಆಳುದ್ದದ ಹಿಡಿಯಿರುವ ಒಂದು ಕಡ್ಡಿ ಪೊರಕೆ ಇತ್ತು, ಅಷ್ಟೇ. ಪ್ರತಿ ಮನೆಗೆ ಮೂರು ದಿನ. ಮೂರನೆಯ ದಿನ ಸಂಜೆ ಕಾಳು ತುಂಬಿಕೊಂಡ ಮೇಲೆ ಕಣವನ್ನು ಗುಡಿಸಿ, ಪೊರಕೆಯನ್ನು ಮುಂದಿನ ಮನೆಯ ಬಾಗಿಲಿಗೆ ಒರಗಿಸಿ ಬರಬೇಕು. ಬೆಳಿಗ್ಗೆ ಎದ್ದಾಗ ಬಾಗಿಲಲ್ಲಿ ಪೊರಕೆ ಇದ್ದರೆ ಕಣ ನಿಮ್ಮದು. ಮಾತು ಬಿಟ್ಟ ದಾಯಾದಿಗಳು ಕೂಡ ಪೊರಕೆ ತಲುಪಿಸುವುದನ್ನು ತಪ್ಪಿಸಿದವರಲ್ಲ. ಸರದಿಗೆ ತಕ್ಕಂತೆ ಬಿತ್ತನೆಯನ್ನೇ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದೆವು. ಸರದಿಯ ಕೊನೆಯ ಮನೆ ನನ್ನದು. ಹೀಗಾಗಿ ವರ್ಷದ ಎರಡು ಬೆಳೆಗಳ ನಡುವಿನ ತಿಂಗಳುಗಳಲ್ಲಿ ಪೊರಕೆ ನನ್ನಲ್ಲೇ ಇರುತ್ತಿತ್ತು. ಮುಂದಿನ ಸುಗ್ಗಿಗೆ ಅದು ಹೋಗಬೇಕಾದ ಮೊದಲ ಮನೆ ನನ್ನ ಅಕ್ಕನದು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹದಿನೇಳು ತಿಂಗಳ ಹಿಂದೆ, ಆಗಿನ ಬೆಳೆಯ ಸುಗ್ಗಿ ಮುಗಿದ ವಾರ, ಕಣ ನೋಡಲು ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂತು. ಬಿರುಕು ಬಿಟ್ಟ ನಾಲ್ಕು ಕಲ್ಲು ಬದಲಿಸಿಕೊಡಿ ಎಂದು ನಾವು ಕೇಳಿದ್ದೆವು, ಅದಕ್ಕೇ ಬರುತ್ತಿದ್ದಾರೆ ಎಂದುಕೊಂಡೆ. ದೊಡ್ಡವರು ಬರುವಾಗ ಜಾಗ ಚೊಕ್ಕಟವಾಗಿರಲಿ ಎಂದು ಒಂದು ಕಾಳೂ ಉಳಿಯದಂತೆ ಎರಡೆರಡು ಸಲ ಗುಡಿಸಿದೆ. ತಮ್ಮ ಎಂಜಿನಿಯರು ಸುತ್ತ ನೋಡಿ ಕೇಳಿದರು:

"ಏನ್ರೀ, ಇಷ್ಟು ಕ್ಲೀನಾಗಿದೆ? ಇಲ್ಲಿ ಏನೂ ನಡೆಯಲ್ವಾ?"

"ಈಗ ಏನೂ ಇಲ್ಲ ಸರ್. ಸುಗ್ಗಿ ಮುಗೀತು," ಎಂದೆ.

ಅವರು ಬರೆದುಕೊಂಡರು. ವರದಿಯ ಪ್ರತಿ ಆಮೇಲೆ ನನಗೆ ಸಿಕ್ಕಿತು: "ಸದರಿ ಜಾಗವು ಯಾವುದೇ ಉಪಯೋಗವಿಲ್ಲದೆ ಖಾಲಿ ಬಿದ್ದಿರುತ್ತದೆ." ಜಾಗದ ಅಭಿವೃದ್ಧಿ ಎಂದು ತಾವು ಸಭೆಯಲ್ಲಿ ಘೋಷಿಸಿದಾಗ ಕಲ್ಲು ಬದಲಾಗುತ್ತದೆಂದು ಚಪ್ಪಾಳೆ ತಟ್ಟಿದವನೂ ನಾನೇ. ನಾಲ್ಕು ಕಾಳು ಬಿದ್ದಿರಲಿ ಎಂದು ಬಿಟ್ಟಿದ್ದರೆ ಕಣ ಉಳಿಯುತ್ತಿತ್ತೇನೋ. ಗಲೀಜು ಮಾಡಿದ್ದಕ್ಕೆ ಜಾಗ ಕಳೆದುಕೊಂಡವರನ್ನು ಕಂಡಿದ್ದೇನೆ. ಗುಡಿಸಿದ್ದಕ್ಕೆ ಕಳೆದುಕೊಂಡವರು ನಾವೇ ಮೊದಲಿಗರಿರಬೇಕು.

ಹಸಿ ಕಾಳನ್ನು ಮೂಟೆ ಕಟ್ಟಿದರೆ ಒಂದು ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಉದ್ಯಾನವಾದ ಮೇಲಿನ ಮೊದಲ ಬೆಳೆಯಲ್ಲಿ ಕೆಳಬೀದಿ ಅದನ್ನು ಕಣ್ಣಾರೆ ಕಂಡಿತು. ಎರಡನೆಯ ಬೆಳೆಯನ್ನು ರಸ್ತೆಯ ಮೇಲೆ ಹಾಕಿದೆವು. ಅಕ್ಕನಿಗೆ ಸಿಕ್ಕಿದ್ದು ತಿರುವಿನ ಜಾಗ. ಮೂರನೆಯ ದಿನ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದ ನಮ್ಮ ಚಿಕ್ಕಪ್ಪನ ಮಗ ಆ ಕಾಳಿನ ಮೇಲೆ ಜಾರಿ ಬಿದ್ದ. ಮೊಣಕೈ ಮುರಿಯಿತು. ನಾವು ಓಡಿಹೋದಾಗ ಹಾಲು ಜೋಳದೊಳಗೆ ಹರಿಯುತ್ತಿತ್ತು. ಅವನು ಮಲಗಿದ್ದಲ್ಲೇ, ತುಟಿಗೆ ಅಂಟಿದ ಒಂದು ಕಾಳನ್ನು ಕಚ್ಚಿ ನೋಡಿ ಹೇಳಿದ:

"ಅಕ್ಕಾ, ಕಟ್ ಅನ್ನಲ್ಲ. ಇನ್ನೊಂದು ಬಿಸಿಲು ಬೇಕು."

"ಅಯ್ಯೋ ಪಾಪಿ! ಕೈ ಮುರ್ಕೊಂಡು ಬಿದ್ದಿದ್ದೀಯ, ಕಾಳು ಪರೀಕ್ಷೆ ಮಾಡ್ತೀಯಲ್ಲೋ!" ಎಂದು ಅಕ್ಕ ಅಳುತ್ತಲೇ ನಕ್ಕಳು. ಅವತ್ತಿನ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿಲ್ಲ.

ಬಿದ್ದವನು ದೂರು ಕೊಡಲಿಲ್ಲ. ಆದರೆ ಮೂರು ಅರ್ಜಿಗೆ ಎಚ್ಚರವಾಗದ ತಮ್ಮ ಕಚೇರಿ ನಾಲ್ಕೇ ದಿನಕ್ಕೆ ಎಚ್ಚೆತ್ತು, ಸಾರ್ವಜನಿಕ ರಸ್ತೆಗೆ ಅಡಚಣೆ ಮಾಡಿದ್ದಕ್ಕಾಗಿ ಅಕ್ಕನಿಗೆ ನೋಟಿಸು ಕಳಿಸಿತು. ಅವಳು ಅದನ್ನು ನನ್ನ ಕೈಗಿಟ್ಟಳು.

"ಇವರು ಬರೆದಿರೋದು ಸುಳ್ಳಲ್ಲ ಕಣೋ ತಮ್ಮಾ. ಇವತ್ತು ಇವನ ಮೊಣಕೈ, ನಾಳೆ ಯಾರದೋ ಮಗುವಿನ ತಲೆ. ರಸ್ತೇಲಿ ಇನ್ನು ಒಂದು ಕಾಳೂ ಹಾಕಲ್ಲ."

"ಮತ್ತೆ ಎಲ್ಲಿ ಹಾಕ್ತೀಯ?"

"ಒಣಗಿಸೋಕೆ ಜಾಗ ಇಲ್ಲ ಅಂದ್ಮೇಲೆ ಬೆಳೆದು ಏನ್ ಮಾಡ್ಲಿ? ಇಟ್ಟಿಗೆಯವನು ಕೇಳ್ತಿದ್ದಾನೆ, ಮಣ್ಣು ಕೊಟ್ಬಿಡ್ತೀನಿ."

ಇಟ್ಟಿಗೆ ಗೂಡಿನವನಿಗೆ ಅವಳ ಹೊಲದ ಮೇಲ್ಮಣ್ಣು ಬೇಕು, ಮೂರಡಿ. ಈ ಕೊಯ್ಲಿಗೆ ಜಾಗ ಸಿಗದಿದ್ದರೆ ಮರುವಾರವೇ ಯಂತ್ರ ತರಲು ಅವಳು ಅವನಿಗೆ ಒಪ್ಪಿಗೆ ಕೊಟ್ಟಿದ್ದಾಳೆ. ಬೆಳೆ ಹೋದರೆ ಇನ್ನೊಂದು ಬೆಳೆ ಬರುತ್ತದೆ ಅಧ್ಯಕ್ಷರೇ. ಮೂರಡಿ ಮಣ್ಣು ಲಾರಿ ಹತ್ತಿದರೆ ಅದನ್ನು ವಾಪಸು ತರುವ ಯೋಜನೆ ತಮ್ಮಲ್ಲಿ ಯಾವುದಿದೆ? ಆ ಗುಂಡಿಯನ್ನೂ ಖಾಲಿ ಜಾಗವೆಂದು ಬರೆದು ಅಲ್ಲೊಂದು ಕೊಳ ಮಾಡುತ್ತೀರಾ?

ಕಳೆದ ವಾರ ತಮ್ಮನ್ನು ಕಾಣಲು ಬಂದಿದ್ದೆ. "ಅಧ್ಯಕ್ಷರಿಗೆ ಇವತ್ತು ಪುರುಸೊತ್ತಿಲ್ಲ. ಪಾರ್ಕಿಗೆ ಕಾರಂಜಿ ಹಾಕಿಸೋ ಮೀಟಿಂಗು," ಎಂದರು ಗುಮಾಸ್ತರು. ಊರಿನಲ್ಲಿ ಕಾಳು ಒಣಗುವ ಒಂದೇ ಒಂದು ಕಲ್ಲುಹಾಸಿನ ಮೇಲೆ ನೀರು ಚಿಮ್ಮಿಸಬೇಕೆಂದು ಹೊಳೆಯಲು ನಿಜಕ್ಕೂ ವಿಶೇಷ ದೃಷ್ಟಿ ಬೇಕು. ಅದು ನಮಗಿಲ್ಲ.

ನಮ್ಮ ಬೇಡಿಕೆ ಚಿಕ್ಕದು. ಯಂತ್ರಗಳು ಅಂಚಿನಲ್ಲಿರಲಿ, ನಡಿಗೆ ಪಥವೂ ಇರಲಿ. ನಡುವಿನ ಮಣ್ಣನ್ನು ಐದು ವಾರದೊಳಗೆ ತೆಗೆಸಿ, ಅಡಿಯ ಕಲ್ಲನ್ನು ನಮಗೆ ಬಿಡಿ. ಮಣ್ಣು ಹೊರಲು ಹದಿನೆಂಟು ಮನೆಯವರೂ ಬರುತ್ತೇವೆ. ಅದನ್ನೇ ವ್ಯಾಯಾಮವೆಂದು ದಾಖಲಿಸಿಕೊಳ್ಳಿ. ಅಕ್ಕನ ನೋಟಿಸನ್ನು ಹಿಂದಕ್ಕೆ ಪಡೆಯಿರಿ.

ಈ ಪತ್ರ ಅಚ್ಚಾಗುವ ದಿನ ತಮ್ಮ ಕಚೇರಿಯ ಬಾಗಿಲಿಗೆ ಒಂದು ಪೊರಕೆ ಒರಗಿರುತ್ತದೆ. ದಯವಿಟ್ಟು ಅವಮಾನವೆಂದು ತಿಳಿಯಬೇಡಿ. ಕಣ ಯಾರ ವಶದಲ್ಲಿದೆಯೋ ಪೊರಕೆಯೂ ಅವರ ಬಾಗಿಲಲ್ಲಿರಬೇಕು ಎಂಬುದು ನಮ್ಮ ಬೀದಿಯ ಕಟ್ಟಳೆ. ಇಷ್ಟು ದಿನ ಇಟ್ಟುಕೊಂಡದ್ದು ನನ್ನದೇ ತಪ್ಪು. ಎಲ್ಲರಿಗೂ ಮೂರು ದಿನ ಸಿಗುತ್ತಿತ್ತು, ತಮಗೆ ಒಂದು ವರ್ಷ ಸಿಕ್ಕಿದೆ. ಸರದಿ ಮುಗಿದವರು ಗುಡಿಸಿ ಮುಂದಿನ ಮನೆಗೆ ತಲುಪಿಸಬೇಕು. ತಮ್ಮ ಮುಂದಿನ ಮನೆ ನನ್ನ ಅಕ್ಕನದು. ಕೆಳಬೀದಿಯ ಮೊದಲ ಮನೆ, ನೀಲಿ ಬಾಗಿಲು. ಅವಳು ಬೆಳಿಗ್ಗೆ ಬೇಗ ಏಳುತ್ತಾಳೆ.

ಇಂತಿ,
ಸಾಹೇಬರು ಬರುತ್ತಾರೆಂದು ಎರಡೆರಡು ಸಲ ಗುಡಿಸಿದವ,
ಕೆಳಬೀದಿ, ಸರದಿಯ ಹದಿನೆಂಟನೆಯ ಮನೆ