ಹಜಾರದಲ್ಲಿ ಹಾರಿದ್ದು

ಮಾರ್ಚ್ ೧೪, ಶನಿವಾರ

ಹಗುರವಾದ ಬಾಲ್ಸಾ ಮರ ಈ ತಿಂಗಳೂ ಬರಲಿಲ್ಲ. ಮಾದರಿ ವಿಮಾನಗಳ ಕಿಟ್ ಮಾಡುವ ನನ್ನ ತಂಗಿ ವರ್ಕ್‌ಶಾಪನ್ನೇ ಮುಚ್ಚುವ ಮಾತಾಡುತ್ತಿದ್ದಳು. ಇವತ್ತು ಉಳಿದ ಚೂರುಗಳಲ್ಲೇ ಎರಡು ಅಂಗೈಯಷ್ಟು ಅಗಲದ ಒಂದು ವಿಮಾನ ಮಾಡಿ ನಮ್ಮ ಮನೆಗೆ ತಂದಳು. ಹೊರಗಿನ ಗಾಳಿಯನ್ನು ಅದು ತಾಳುವುದಿಲ್ಲವಂತೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹಜಾರದಲ್ಲಿ ಬೆವರುತ್ತ ಕೂತೆವು.

“ಭಾವ, ಉಸಿರು ಬಿಗಿಹಿಡೀರಿ. ನಿಮ್ಮ ನಿಟ್ಟುಸಿರಿಗೇ ಬಿದ್ದುಹೋಗತ್ತೆ!”

“ಮದುವೆಯಾದಾಗಿಂದ ಬಿಗಿಹಿಡ್ಕೊಂಡೇ ಇದೀನಮ್ಮ,” ಅಂದರು ಇವರು.

ರಬ್ಬರ್ ಬ್ಯಾಂಡಿನ ಸುರುಳಿ ಬಿಚ್ಚಿಕೊಳ್ಳುತ್ತ ವಿಮಾನ ನಮ್ಮ ತಲೆಗಳ ಮೇಲೆ ನಿಧಾನವಾಗಿ ಸುತ್ತಿತು, ಮುಗಿಸಲು ಮನಸ್ಸಿಲ್ಲದೆ ಓದುವ ಕವಿತೆಯ ಹಾಗೆ. ಚಪ್ಪಾಳೆ ತಟ್ಟಹೋದ ನನ್ನ ಕೈಗಳನ್ನು ತಂಗಿ ಗಟ್ಟಿಯಾಗಿ ಹಿಡಿದುಕೊಂಡಳು.

“ಇಷ್ಟು ಪುಟ್ಟದಾದ್ರೆ ಒಂದು ಹಲಗೇಲಿ ಹತ್ತು ಆಗತ್ತೆ ಕಣೇ ಅಕ್ಕ. ಮುಚ್ಚಲ್ಲ ನಾನು,” ಎಂದು ಪಿಸುಗುಟ್ಟಿದಳು.

ವಿಮಾನ ಆಗಲೂ ಇಳಿದಿರಲಿಲ್ಲ.