ಬಲಗಡೆಯ ಸ್ಪೀಕರ್

ಮೂಡಲಗಿ
ಗುರುವಾರ, 14 ನವೆಂಬರ್ 2024

ಪ್ರೀತಿಯ ಶಿವಪುತ್ರ ಅಣ್ಣನಿಗೆ,

ತಂಗಿ ಸರಿತಾಳ ನಮಸ್ಕಾರ. ಸಂಕೇಶ್ವರದಲ್ಲಿ ನೀನೂ ವೈನಿಯೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ವೈನಿಯ ಮೊಣಕಾಲು ನೋವು ಹೇಗಿದೆ? ಬಿಸಿ ಉಸುಕಿನ ಶಾಖ ಕೊಡಬೇಕೆಂದು ಅವ್ವ ಹೇಳಿದ್ದಾಳೆ. ಅವ್ವ ಆರಾಮ ಇದ್ದಾಳೆ. ಅಪ್ಪನ ವಿಷಯ ಮುಂದೆ ಬರೆಯುತ್ತೇನೆ, ಈ ಪತ್ರ ಅದಕ್ಕಾಗಿಯೇ. ನೀನು ನನ್ನ ಫೋನ್ ಎತ್ತುವುದಿಲ್ಲ, ಮೆಸೇಜು ನೋಡಿಯೂ ನೋಡದವನಂತೆ ಇರುತ್ತೀ. ಮಾವನ ಮನೆಯ ಊಟ ಅಷ್ಟು ರುಚಿ ಹತ್ತಿದೆಯೋ ಏನೋ. ಟೆಂಪೋದ ಶಿದ್ರಾಮ ಇದನ್ನು ನಿನ್ನ ಕೈಯಲ್ಲೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಚಹಾ ಕುಡಿಯುತ್ತ ಕೂಡುತ್ತಾನೆ. ಹಾಗೆಂದು ಹೇಳಿಯೇ ಕಳಿಸಿದ್ದೇನೆ.

ದೀಪಾವಳಿಗೆಂದು ತವರಿಗೆ ಬಂದ ನಾನು ಇನ್ನೂ ಗೋಕಾಕಿಗೆ ಮರಳಿಲ್ಲ. ಹೇಗೆ ಹೋಗಲಿ? ಪಾಡ್ಯದ ದಿನ ನೀನು ಜಗಳ ಮಾಡಿಕೊಂಡು ವೈನಿಯನ್ನು ಕರೆದುಕೊಂಡು ಹೋದಂದಿನಿಂದ ಇಲ್ಲಿ ಯಾರೂ ಹೊಟ್ಟೆ ತುಂಬ ಉಂಡಿಲ್ಲ. ಹರೆಯದಿಂದ ಪೇಟೆಯ ಹರಾಜಿನಲ್ಲಿ ಬೆಲ್ಲದ ಸವಾಲು ಕೂಗುತ್ತ ಬಂದ ಅಪ್ಪ ಅಲ್ಲಿಗೆ ಹೋಗುವುದನ್ನೇ ಬಿಟ್ಟು ಪಡಸಾಲೆಯಲ್ಲಿ ಕೂತಿದ್ದಾನೆ. ನಾಗನೂರಿನ ಮಾಲಿಂಗಪ್ಪ ಕಾಕಾನ ಬೆಲ್ಲಕ್ಕೆ ಬಲಗಡೆ ನಿಂತ ವ್ಯಾಪಾರಿ ಹೆಚ್ಚಿನ ದರ ಕೂಗಿದರೂ ಅಪ್ಪ ಎಡಗಡೆಯವನಿಗೆ ಕಡಿಮೆ ದರಕ್ಕೆ ಸವಾಲು ಮುಗಿಸಿದ ಎಂದು ಕಾಕಾನ ದೂರು, ಆ ವ್ಯಾಪಾರಿಯಿಂದ ಏನೋ ತಿಂದಿದ್ದಾನೆ ಎಂದು ಊರೆಲ್ಲ ಸುದ್ದಿ. ಮಂದಿಯ ಬಾಯಿಗೆ ಬೀಗ ಹಾಕಲಾದೀತೇ? ಆದರೆ ಹೊಟ್ಟೆಯ ಮಗ ನೀನೂ ಅದನ್ನು ನಂಬಿದೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಸೋಮವಾರ ಪೇಟೆಯ ಹಿರಿಯರು ಕೂಡುತ್ತಾರೆ. ಅಪ್ಪ ಅವರ ಮುಂದೆ ವಿಭೂತಿ ಮುಟ್ಟಿ ಆಣೆ ಮಾಡಬೇಕಂತೆ.

ನಿನ್ನೆ, ಅಪ್ಪನ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ನೀನು ಡಬ್ಬಿಯಲ್ಲೇ ಬಿಟ್ಟುಹೋದ ಎರಡನೆಯ ಸ್ಮಾರ್ಟ್ ಸ್ಪೀಕರ್ ತೆಗೆದೆ. ಎರಡನ್ನೂ ಜೋಡಿ ಮಾಡಿದರೆ ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ತಬಲಾ ಕೇಳಿ, ಭಜನೆ ಎದುರಿಗೇ ನಡೆದಂತಿರುತ್ತದೆ ಎಂದು ಅಪ್ಪನಿಗೆ ಆಸೆ ಹಚ್ಚಿದವನು ನೀನೇ ಅಲ್ಲವೇ? ಒಂದನ್ನು ದೇವರ ಕೋಣೆಯ ಬಾಗಿಲ ಬಾಜೂ, ಇನ್ನೊಂದನ್ನು ಟಿವಿಯ ಬಾಜೂ ಇಟ್ಟೆ. ಹೊಸದು ವೈಫೈ ಹಿಡಿಯಲು ಬಹಳ ಸತಾಯಿಸಿತು, ನಿನ್ನದೇ ಬಿಗುಮಾನ ಅದಕ್ಕೂ. ಕೊನೆಗೆ ಯಾವುದು ಎಡ, ಯಾವುದು ಬಲ ಎಂದು ಫೋನು ಕೇಳಿತು. ಒತ್ತಿದರೆ ಒಂದರಿಂದ ಟಿಣ್ ಎಂದು ಸದ್ದು. ನಡುವೆ ಕೂತವರಿಗೆ ಚೆನ್ನಾಗಿ ತಿಳಿಯುತ್ತದೆಂದು ಅಪ್ಪನನ್ನು ಕುರ್ಚಿಯಲ್ಲಿ ಕೂಡಿಸಿ, ಕಣ್ಣು ಮುಚ್ಚಿ ಸದ್ದು ಬಂದ ಕಡೆ ಕೈ ಮಾಡು ಎಂದೆ. ಎಡಗಡೆಯದು ಸದ್ದು ಮಾಡಿತು, ಎಡಕ್ಕೆ ಕೈ ಮಾಡಿದ. ಬಲಗಡೆಯದು ಸದ್ದು ಮಾಡಿತು, ಆಗಲೂ ಎಡಕ್ಕೇ ಮಾಡಿದ. ಮಷೀನಿನದೇ ತಪ್ಪೆಂದು ಬೈದು, ಎರಡನ್ನೂ ಅದಲು ಬದಲು ಇಟ್ಟು ನೋಡಿದೆ. ಯಾವುದು ಸದ್ದು ಮಾಡಿದರೂ ಅಪ್ಪನ ಕೈ ಎಡಗಡೆಗೇ ಹೋಗುತ್ತಿತ್ತು. ಅಡುಗೆಮನೆಯಿಂದ ಅವ್ವನೂ ಬಂದು ನೋಡಿದಳು. ನಾನು ಮೆಲ್ಲಗೆ ಹೋಗಿ ಅವನ ಬಲಗಿವಿಯ ಹತ್ತಿರ ಸಣ್ಣಗೆ ಅಪ್ಪಾ ಎಂದೆ. ಅವನು ಕಣ್ಣು ಮುಚ್ಚಿಕೊಂಡು ಇನ್ನೂ ಸದ್ದಿಗೆ ಕಾಯುತ್ತಲೇ ಇದ್ದ.

ಕಣ್ಣು ತೆರೆದು ನಮ್ಮ ಮುಖ ನೋಡಿದವನಿಗೆ ಎಲ್ಲ ತಿಳಿಯಿತು. ಹೋದ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಕಿವಿ ಸೋರಿದಾಗಿನಿಂದ ಬಲಗಡೆ ಸ್ವಲ್ಪ ಮಂದ ಅನಿಸಿತ್ತಂತೆ, ಇಷ್ಟೊಂದು ಎಂದು ಅವನಿಗೂ ಗೊತ್ತಿರಲಿಲ್ಲ. ಇನ್ನು ಮಂದಿಯನ್ನು ಬೈಯುತ್ತಾನೆ ಎಂದುಕೊಂಡೆ. ಅವನು ಅಂದದ್ದು ಬೇರೆ.

"ಹಂಗಂದ್ರ ಮಾಲಿಂಗಪ್ಪ ಸುಳ್ಳ ಹೇಳಿಲ್ಲ, ಸರಿತಾ. ಆ ದರ ಕೂಗಿದ್ದು ಖರೆ. ನನಗ ಕೇಳಿಲ್ಲ."

ಇದನ್ನೇ ಸೋಮವಾರ ಹೇಳಿಬಿಡು, ಕಳಂಕ ಹೋಗುತ್ತದೆ ಎಂದೆ. ಅದಕ್ಕೆ ಅವನು, "ಕಳ್ಳ ಅಂದ್ರ ನಾ ಒಬ್ಬಾಂವ ಕೆಟ್ಟೆ. ಕಿವುಡ ಅಂದ್ರ, ವರ್ಷದಿಂದ ನನ್ನ ಮುಂದ ಬೆಲ್ಲಾ ಇಟ್ಟ ರೈತರಿಗೆಲ್ಲಾ ನಾ ಎಷ್ಟ ಲುಕ್ಸಾನ ಮಾಡೇನಿ ಅನ್ನೂದು ಬರತೈತಿ" ಎಂದು ಮುಖ ತಿರುಗಿಸಿದ. ನನಗೆ ಅಳು ತಡೆಯಲಾಗಲಿಲ್ಲ. ಇಂದು ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ಎಲ್ಲರೆದುರು ಹೇಳಿಬಿಡುತ್ತೇನೆ, ಇನ್ನು ಸವಾಲು ಕೂಗುವುದಿಲ್ಲ ಎಂದ. ಬಾಯಿರುವವರೆಗೂ ಕೂಗುತ್ತೇನೆ ಎನ್ನುತ್ತಿದ್ದವನು, ಅಣ್ಣಾ. ಆ ಗದ್ದಲದಲ್ಲಿ ಯಾರೋ ಬಲಗಡೆಯಿಂದ ಏನೋ ಕೇಳಿ, ಇವನು ಸುಮ್ಮನೆ ನಿಂತು, ಮಂದಿ ನಕ್ಕರೆ ಹೇಗೆ ಎಂದು ನನಗೆ ಚಿಂತೆ. ನಾನು ಜೊತೆಗೆ ಬರುತ್ತೇನೆ ಎಂದರೆ ಬೇಡ ಎನ್ನುತ್ತಾನೆ. ಶಿವಪುತ್ರ ಬರುತ್ತಾನೇನು ಎಂದು ಮಾತ್ರ ಕೇಳುತ್ತಾನೆ.

ವೈನಿಗೆ ನನ್ನ ನೆನಪು ತಿಳಿಸು. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ ಎಂದು ಅವ್ವ ಹರಸಿದ್ದಾಳೆ.

ಸಿಟ್ಟಿನಲ್ಲೂ ನಿನ್ನ ದಾರಿ ಕಾಯುವ ತಂಗಿ,
ಸರಿತಾ

ತಾ.ಕ.: ಶಿದ್ರಾಮ ಹಾರ್ನ್ ಹೊಡೆಯುತ್ತಿದ್ದಾನೆ. ಪಾಡ್ಯದ ದಿನ ಬಾಗಿಲಲ್ಲಿ ಆಡಿದ ಮಾತಿಗೆ ಇನ್ನು ಅಪ್ಪನಿಗೆ ಹೇಗೆ ಮುಖ ತೋರಿಸಲಿ ಎಂದು ನೀನು ಅಳುತ್ತೀ ಅಂತ ವೈನಿ ಈಗಷ್ಟೇ ಫೋನ್ ಮಾಡಿ ಹೇಳಿದಳು. ಇದು ಅವಳಿಗೆ ಫೋನಿನಲ್ಲಿ ಹೇಳುವ ಮಾತಲ್ಲ, ನಿನಗೇ ಬರೆಯುತ್ತೇನೆ. ಅಂದು ನೀನು ನಿಂತದ್ದು ಅಪ್ಪನ ಬಲಗಡೆ, ನಿನ್ನ ಗಾಡಿಯೂ ಚಾಲೂ ಇತ್ತು. "ನೀ ಸತ್ರೂ ಮಣ್ಣಿಗಿ ಬರೂದಿಲ್ಲ" ಎಂದದ್ದು ನನಗೂ ಅವ್ವನಿಗೂ ಕೇಳಿತು. ಅಪ್ಪನಿಗೆ ಕೇಳಿಲ್ಲ. ನೀನು ಹೋದ ಮೇಲೆ, ಏನಂದ ಎಂದು ನನ್ನನ್ನು ಕೇಳಿದ. ಹೋಗಿ ಬರುತ್ತೇನೆ ಅಂದ ಎಂದು ಹೇಳಿದ್ದೇನೆ. ನನ್ನ ಮಾತು ಸುಳ್ಳು ಮಾಡಬೇಡ.