ಕಾಳಿಯ ಉಣ್ಣೆಯ ಹಸಿರು ಬೆಳಕು

ನವೆಂಬರ್ ೧೧, ಜಮಖಂಡಿ

ಮತ್ತೆ ನೀಲಿ. ಇವತ್ತಿನ ಬ್ಯಾಚೂ ನೀಲಿ. ಕುರಿ ಉಣ್ಣೆಯನ್ನು ಸೋಪಿನಲ್ಲಿ ತೊಳೆದು, ನೀರು ಹಾಕಿ ಸ್ಟೀಲ್ ಡಬ್ಬಿಯಲ್ಲಿ ಬಿಗಿದು ಓವನ್‌ನಲ್ಲಿ ಬೇಯಿಸಿದರೆ ಚಹಾ ಬಣ್ಣದ ನೀರು ಸಿಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಚುಕ್ಕಿಗಳು — ಕಾರ್ಬನ್ ಡಾಟ್. ಕತ್ತಲಲ್ಲಿ ಯುವಿ ಲೈಟ್ ಬಿಟ್ಟರೆ ನೀಲಿಯಾಗಿ ಹೊಳೆಯುತ್ತವೆ. ಮೊದಲ ಸಲ ನೋಡಿದಾಗ ಲ್ಯಾಬಿನಲ್ಲೇ ಕುಣಿದಿದ್ದೆ. ಈಗ ಬೇಜಾರು.

ಗೈಡ್ ಸುವರ್ಣಾ ಮೇಡಂಗೂ ಬೇಜಾರು. "ಉಣ್ಣಿಯಿಂದ ನೀಲಿ ಎಲ್ಲಾರೂ ಮಾಡ್ಯಾರ ಪ್ರತಿಮಾ. ನಿಂದು ಅಂತ ಏನೈತಿ?"

ನನ್ನದು ಅಂತ ಇರುವುದು ಅಪ್ಪನ ಕುರಿಗಳು. ಧಾರವಾಡದ ಸೆಮಿನಾರಿಗೆ ಒಂದು ತಿಂಗಳಿದೆ. ಕುರಿಗಳನ್ನು ಪೋಸ್ಟರ್‌ಗೆ ಅಂಟಿಸಲು ಬರುವುದಿಲ್ಲ.

ನವೆಂಬರ್ ೧೪

ಹಸಿರು!!! ಖರೆ ಹೇಳುತ್ತೇನೆ, ಎಳೆ ಗೋಧಿ ಪೈರಿನ ಹಸಿರು!

ಈ ಸಲದ ಉಣ್ಣೆ ಕಾಳಿಯದು. ಗಲಗಲಿಯ ನಮ್ಮ ಹಿಂಡಿನ ಮುಂದಾಳು ಕರಿ ಕುರಿ, ಮುದಿಯಾದರೂ ಗತ್ತು ಇಳಿದಿಲ್ಲ. ದೀಪಾವಳಿ ಆದ ಮೇಲೆ ಕತ್ತರಿಸಿದ್ದನ್ನು ಅಪ್ಪ ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ್ದ. ತೊಳೆದಾಗ ನೀರು ಕೆಂಪಗೆ ಬಂತು. ಕೊಳೆ ಎಂದು ಚೆಲ್ಲಿಬಿಟ್ಟೆ.

ಮೇಡಂ ಬಗ್ಗಿ ನೋಡಿದರು, ಲೈಟ್ ಆರಿಸಿ ಮತ್ತೆ ಹಚ್ಚಿ ನೋಡಿದರು. ನಕ್ಕರು. ಅವರಿಗೆ ಅಷ್ಟು ಹಲ್ಲುಗಳಿವೆ ಅಂತ ಇವತ್ತೇ ಗೊತ್ತಾಗಿದ್ದು.

ಅಪ್ಪನಿಗೆ ಫೋನ್. "ಅಪ್ಪಾ, ಕಾಳಿ ಉಣ್ಣಿ ಹಸಿರು ಬೆಳಕು ಕೊಡ್ತು!"

ಅಪ್ಪ ಅಂದ, "ನಂಗೊತ್ತಿತ್ತು. ಉಳಿದ ಕುರಿ ಏನಂದ್ವು?"

ನವೆಂಬರ್ ೧೬

ಅವ್ವನ ಫೋನ್. ಸಿಟ್ಟೋ ನಗುವೋ ತಿಳಿಯಲಿಲ್ಲ. "ನಿಮ್ಮಪ್ಪ ಊರ ತುಂಬ ಡಂಗುರಾ ಸಾರ್ಯಾನ. ಬಾಜೂ ಮನಿ ಜಕ್ಕಪ್ಪ ಬ್ಯಾಟ್ರಿ ಹಿಡಕೊಂಡು ನೋಡಾಕ ಬಂದಿದ್ದ. ಕಾಳಿ ಗುದ್ದಿ ಕೆಡವಿತು ಅವನ್ನ."

ಇನ್ನೊಂದು ಸಂಗತಿ. ಮುದಿ ಕುರಿ ಅಂತ ಕಾಳಿಯನ್ನು ಈ ವಾರ ವ್ಯಾಪಾರಿಗೆ ಕೊಡುವುದಿತ್ತಂತೆ. ಅಪ್ಪ ಅವನನ್ನು ತಿರುಗಿ ಕಳಿಸಿದ. "ಬೆಳಕು ಕೊಡೂ ಕುರಿ ಯಾರರ ಮಾರ್ತಾರೇನ" ಅಂದನಂತೆ.

ನವೆಂಬರ್ ೨೧

ಬಿಳಿ ಕುರಿ — ನೀಲಿ. ಬೇರೆ ಕರಿ ಕುರಿ — ನೀಲಿ. ಕಾಳಿಯದು ಮಾತ್ರ ಮತ್ತೆ ಹಸಿರು. ಅಲ್ಲಿಗೆ ಅದರ ಚೀಲವೂ ಖಾಲಿ.

"ಕಾಳಿದಾಗ ಅಂಥಾದ್ದು ಏನೈತಿ, ಅದನ್ನ ಹೇಳು. ಇಲ್ಲಂದ್ರ ಪೋಸ್ಟರ್ ಬ್ಯಾಡ" ಎಂದರು ಮೇಡಂ.

ಏನು ತಿನ್ನುತ್ತದೆ ಎಂದು ಅಪ್ಪನನ್ನು ಕೇಳಿದೆ. "ಉಳಿದವು ತಿಂದದ್ದ ಇದೂ ತಿಂತೈತಿ. ಆದ್ರ ಅದಕ್ಕ ತಿಳುವಳಿಕಿ ಐತಿ." ಇದನ್ನು ಪೋಸ್ಟರ್‌ನಲ್ಲಿ ಬರೆಯಲೇ?

ನವೆಂಬರ್ ೩೦, ಭಾನುವಾರ, ಊರಿಂದ ಮರಳುವ ಬಸ್ಸಿನಲ್ಲಿ

ಸಿಕ್ಕಿತು. ಸಿಗಬಾರದಿತ್ತು ಅನಿಸುತ್ತಿದೆ.

ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಅಪ್ಪನ ಧೋತರ ಒಗೆಯುತ್ತಿದ್ದಳು. ಅದರ ತುಂಬ ಭಂಡಾರ, ಬೀರಪ್ಪನ ಗುಡಿಯ ಅರಿಶಿನ ಪುಡಿ. ಸೋಪು ತಾಗಿದ್ದೇ ಹಳದಿ ಕಲೆ ಕೆಂಪಾಯಿತು. ಕೈಯಲ್ಲಿ ಚಹಾ ಕಪ್ಪು ಹಿಡಿದು ನಿಂತೇಬಿಟ್ಟೆ. ನಮ್ಮ ಕಡೆ ಕರಿ ಮಣ್ಣು, ಕಾಳಿಯ ಕೊಳೆ ಕೆಂಪಗೆ ಹೇಗೆ ಬಂತು ಎಂದು ಯೋಚಿಸಲೇ ಇಲ್ಲವಲ್ಲ! ಸೋಪಿಗೆ ಅರಿಶಿನ ಕೆಂಪಾಗುವುದು ಸಾಲಿ ಹುಡುಗರಿಗೂ ಗೊತ್ತಿರುವ ಪಾಠ.

ದೀಪಾವಳಿ ಪಾಡ್ಯದ ದಿನ ಹಟ್ಟಿ ಪೂಜೆಯಲ್ಲಿ ಮುಂದಾಳು ಕುರಿಯ ಬೆನ್ನಿಗೆ ಮುಷ್ಟಿ ಮುಷ್ಟಿ ಭಂಡಾರ ಹಾರಿಸುತ್ತಾರೆ. ಪುಡಿ ಉದುರಿದ ಮೇಲೆ ಉಳಿಯುವ ಹಳದಿ ಕಲೆ ಕರಿ ಉಣ್ಣೆಯಲ್ಲಿ ಕಾಣುವುದಿಲ್ಲ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಸಿರು ಕಾಳಿಯದಲ್ಲ, ಅರಿಶಿನದ್ದು.

ಅಪ್ಪ ಅಂಗಳದಲ್ಲಿ ಯಾರಿಗೋ ಕಾಳಿಯನ್ನು ತೋರಿಸುತ್ತಿದ್ದ, ತಲೆ ಸವರುತ್ತ. ಅವನಿಗೆ ಹೇಳದೆಯೇ ರೊಟ್ಟಿ ತಿಂದು ಬಸ್ ಹತ್ತಿದೆ. ಹೇಳಿದರೆ ಜಕ್ಕಪ್ಪಣ್ಣ ಅಪ್ಪನನ್ನು ಆಡಿಕೊಂಡು ನಗುತ್ತಾನೆ, ಕಾಳಿ ಸಂತೆಗೆ ಹೋಗುತ್ತದೆ. ಹೇಳದಿದ್ದರೆ ಪೋಸ್ಟರ್ ಸುಳ್ಳು.

ಡಿಸೆಂಬರ್ ೨

ಮೇಡಂಗೆ ಹೇಳಿದೆ. ಉಳಿದಿದ್ದ ಬಿಳಿ ಉಣ್ಣೆಗೆ ಅರಿಶಿನ ಹಚ್ಚಿ ಬೇಯಿಸಿದೆವು. ಹಸಿರು! ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕರು. "ಇದು ಇನ್ನೂ ಛಲೋ ಆತು ಪ್ರತಿಮಾ. ಬಣ್ಣ ಬದಲಿ ಮಾಡೂದು ನಮ್ಮ ಕೈಯಾಗ ಬಂತು. ಈಗ ಭಂಡಾರ ತಾಗದ ಕಾಳಿ ಉಣ್ಣಿ ತಗೊಂಡ ಬಾ. ಅದು ನೀಲಿ ಬಂದ್ರ ಮಾತು ಮುಗೀತು."

ಅಪ್ಪನಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಅಂದ್ರ ಕಾಳಿದು ಏನೂ ಇಲ್ಲ?"

"ಹಂಗಲ್ಲ ಅಪ್ಪಾ…"

"ಆತು." ಇಟ್ಟುಬಿಟ್ಟ. ಉಣ್ಣೆ ಬೇಕು ಎನ್ನುವುದು ಬಾಯಲ್ಲೇ ಉಳಿಯಿತು. ಊಟ ಸೇರಲಿಲ್ಲ. ಅತ್ತುಬಿಟ್ಟೆ.

ಡಿಸೆಂಬರ್ ೬, ಗಲಗಲಿ, ಸಂಜೆ

ನಗುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ಬಸ್ ಇಳಿದು ಬಂದರೆ ಹಟ್ಟಿಯಲ್ಲಿ ಹಿಂಡಿಗೆ ಹಿಂಡೇ ಹಳದಿ! ಕಿವಿ, ಬಾಲ, ಮರಿಗಳ ಮೂತಿ ಕೂಡ. ಅಪ್ಪನ ಮೀಸೆಯೂ ಹಳದಿ. ಕೈಯಲ್ಲಿ ಕತ್ತರಿ.

"ಹಸಿರು ಭಂಡಾರದ್ದು ಅಂದಿ, ಎಲ್ಲಾಕೂ ಹಚ್ಚೇನಿ. ಎಷ್ಟ ಬೇಕ ಅಷ್ಟ ಕತ್ತರಿಸ್ಕೊ."

ಒಳಗಿನಿಂದ ಅವ್ವ, "ಅಡಗಿ ಮನಿ ಅರಿಶಿಣಾನೂ ಮುಗಿಸ್ಯಾನ. ಇವತ್ತ ಬೆಳ್ಳನ್ನ ಬ್ಯಾಳಿ ಉಣ್ರಿ!"

ನಕ್ಕೆ. ಮರುಕ್ಷಣ ನೆನಪಾಯಿತು. ಕಾಳಿ? ಅದಕ್ಕೂ ಹಚ್ಚಿದ್ದರೆ ಪೋಸ್ಟರ್ ಮುಳುಗಿತು. ಓಡಿ ಹೋಗಿ ನೋಡಿದೆ. ಮೂಲೆಯಲ್ಲಿ ಜೋಳದ ಕಣಕಿ ಅಗಿಯುತ್ತ ನಿಂತಿತ್ತು, ಅಪ್ಪಟ ಕರಿ. ಒಂದು ಚಿಟಿಕೆ ಭಂಡಾರ ಇಲ್ಲ.

"ಇದಕ್ಕ್ಯಾಕ ಹಚ್ಚಿಲ್ಲಪ್ಪಾ?"

ಅಪ್ಪ ಮುಖ ತಿರುಗಿಸಿದ. "ಅದಕ್ಕ ಬ್ಯಾಡ. ನಿಮ್ಮ ಮೇಡಮ್ಮಾರು ಏನರ ಅನ್ನಲಿ. ಏನೂ ಹಚ್ಚದಿದ್ರೂ ಅದು ಬೆಳಕು ಕೊಡ್ತೈತಿ. ಅದನ್ನ ಮಾರೂ ಮಾತ ಇಲ್ಲ."

ಕಾಳಿಯ ಬೆನ್ನಿನ ಎಳೆ ಉಣ್ಣೆ ಒಂದು ಹಿಡಿ ಕತ್ತರಿಸಿಕೊಂಡೆ. ಗುದ್ದಲಿಲ್ಲ.

"ಕೊಡ್ತೈತಿ ಅಪ್ಪಾ. ಖರೇನ ಕೊಡ್ತೈತಿ. ಆದ್ರ ಹಸಿರಲ್ಲ, ನೀಲಿ."

"ನೀಲಿ?" ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿದ. "ಮೊದಲ ಹೇಳಬಾರದೇನ ಹುಚ್ಚಿ! ನಾ ಮಂದಿಗೆಲ್ಲ ಹಸಿರು ಅಂತ ಹೇಳೇನಿ!" ಹೊರಟೇಹೋದ, ಜಕ್ಕಪ್ಪಣ್ಣನ ಮನೆ ಕಡೆ.

ಎಲ್ಲಾ ಕುರಿಯದೂ ನೀಲಿಯೇ ಎಂದು ಹೇಳಬೇಕಿತ್ತು. ಹೇಳುತ್ತೇನೆ. ನಾಳೆ. ಅಥವಾ ಸೆಮಿನಾರ್ ಮುಗಿದ ಮೇಲೆ… ಅಂಗಳದಲ್ಲಿ ಗದ್ದಲ. ಜಕ್ಕಪ್ಪಣ್ಣ, ಇನ್ನೂ ಯಾರೋ, ಎಲ್ಲರ ಕೈಯಲ್ಲೂ ಬ್ಯಾಟರಿ. "ಯವ್ವಾ ಪ್ರತಿಮಾ, ಬಾ ಹೊರಗ, ನೀನ ಹೇಳು ಇವ್ರಿಗೆ" ಎಂದು ಅಪ್ಪ ಕೂಗುತ್ತಿದ್ದಾನೆ. ಹೋಗಬೇಕು. ಹೋಗಿ ಏನಂತ—